ಸಿಮೆಂಟಿನ ಕಂಬಳಿ

೧೮ ಜನವರಿ ೧೯೮೨, ಸೋಮವಾರ

ಹೆಡ್‌ಮಾಸ್ಟರು ಇವತ್ತು ಕರೆದು ಒಂದು ಕಾಗದ ಕೈಗಿಟ್ಟರು. ರಾಜಧಾನಿಯ ಗ್ರಾಮಕಲಾ ಪರಿಷತ್ತಿನಿಂದ ಬಂದದ್ದು. ಕಲಾವಿದರೊಬ್ಬರು ನಮ್ಮ ಕೆಂಚನಹಟ್ಟಿಯಲ್ಲಿ ಎರಡು ಮೂರು ತಿಂಗಳು ವಾಸವಿದ್ದು, ಜನರೊಡನೆ ಬೆರೆತು, ಊರಿಗೊಂದು ಶಾಶ್ವತ ಕಲಾಕೃತಿ ಮಾಡಿಕೊಡುತ್ತಾರಂತೆ. ನಾನು ಸ್ಥಳೀಯ ಸಂಯೋಜಕ. ಸಂಯೋಜಕನ ಕೆಲಸವೇನು ಎಂದು ಕೆಳಗೆ ಬರೆದಿದ್ದಾರೆ: ವಸತಿ, ಊಟ, ಮರಳು, ನೀರು, ಏಣಿ.

ಏಣಿಯಂತೆ. ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಕಲಿತು, ಅರವತ್ತೊಂದರ ದಸರಾ ಪ್ರದರ್ಶನದಲ್ಲಿ ಚಿತ್ರ ತೂಗುಹಾಕಿದ ಓಂಕಾರಮೂರ್ತಿ ಈಗ ಇನ್ನೊಬ್ಬ ಹತ್ತುವುದಕ್ಕೆ ಏಣಿ ಹೊಂದಿಸಬೇಕು. ಹತ್ತೊಂಬತ್ತು ವರ್ಷದಿಂದ ಈ ಸೀಮೆಯ ಮಕ್ಕಳಿಗೆ ಹಿತ್ತಾಳೆ ಚೊಂಬು ಬರೆಯುವುದನ್ನು ಕಲಿಸುತ್ತಿದ್ದೇನೆ. ಈ ಹಟ್ಟಿಯಲ್ಲಿ ಚಿತ್ರ ಬರೆಯುವವನೊಬ್ಬ ಇದ್ದಾನೆಂದು ಪರಿಷತ್ತಿಗೆ ಗೊತ್ತಿಲ್ಲವೋ, ಗೊತ್ತಿದ್ದೇ ಏಣಿ ಕೇಳಿದರೋ ತಿಳಿಯದು.

ವಸತಿಗೆ ನನ್ನ ಹಿತ್ತಲ ಕೋಣೆಯನ್ನು ಕೊಡಬೇಕೆಂದು ಹೆಂಡತಿ ಗುರುಶಾಂತಮ್ಮ ತೀರ್ಮಾನ ಮಾಡಿಯೂ ಬಿಟ್ಟಳು. ಅದು ಚಿತ್ರ ಬರೆಯುವುದಕ್ಕೆಂದು ಅರವತ್ನಾಲ್ಕರಲ್ಲಿ ನಾನು ಕಟ್ಟಿಸಿದ ಕೋಣೆ. ಬೆಳಕು ಒಂದೇ ಸಮ ಇರಲೆಂದು ಉತ್ತರಕ್ಕೆ ದೊಡ್ಡ ಕಿಟಕಿ ಇಡಿಸಿದ್ದೆ.

"ಅದು ಚಿತ್ರದ ಕೋಣೆ" ಎಂದೆ.

"ಈರುಳ್ಳಿ ಹರವಿದೀನಿ ಅಲ್ಲಿ. ತೆಗೆದು ಕೊಟ್ರಾಯ್ತು" ಎಂದಳು.

೩೧ ಜನವರಿ, ಭಾನುವಾರ

ಕಲಾವಿದ ಮಹಾಶಯ ಬಂದಿಳಿದ. ಯಗಟಿಗೆ ಬಸ್ಸಿನಲ್ಲಿ ಬಂದ. ಅಲ್ಲಿಂದ ಹಟ್ಟಿಗೆ ಎರಡು ಮೈಲಿ. ಅವನ ಟ್ರಂಕನ್ನು ಸೈಕಲ್ಲಿಗೆ ಹೇರಿಕೊಂಡು ನಾನು ತಳ್ಳಿದೆ. ಅವನು ಕೈಬೀಸಿಕೊಂಡು ನಡೆದ. ಹೆಸರು ಜಯದೇವಪ್ಪ. ಇಪ್ಪತ್ತೊಂಬತ್ತು ವಯಸ್ಸು, ಗಡ್ಡ, ಮೊಣಕಾಲು ಮುಟ್ಟುವ ಜುಬ್ಬ.

"ಎಷ್ಟು ಖಾಲಿ ಇದೆ ಸಾರ್ ಇಲ್ಲಿ. ಎಲ್ಲಿ ನೋಡಿದ್ರೂ ಬಯಲು" ಎಂದ. ಅವನು ತೋರಿಸಿದ್ದು ತೀರ್ಥಪ್ಪನವರ ಹುರುಳಿ ಹೊಲ. ಅದು ಖಾಲಿಯಲ್ಲಪ್ಪ, ಕೊಯ್ಲಾಗಿದೆ ಅಷ್ಟೆ, ಎಂದು ಹೇಳಬೇಕೆನಿಸಿತು. ಹೇಳಿ ಏನು ಪ್ರಯೋಜನ.

ಕೋಣೆಯೊಳಗೆ ಕಾಲಿಟ್ಟವನೇ ಉತ್ತರದ ಕಿಟಕಿಯ ಹತ್ತಿರ ಹೋಗಿ ನಿಂತ. "ಬೆಳಕು ತುಂಬ ಚೆನ್ನಾಗಿದೆ. ಯಾರು ಕಟ್ಸಿದ್ದು ಸಾರ್?" ಎಂದ. ಈರುಳ್ಳಿ ಇಡುವುದಕ್ಕೆ ಕಟ್ಟಿಸಿದ್ದು ಎಂದು ಹೇಳಿ ಬಂದೆ.

೬ ಫೆಬ್ರವರಿ, ಶನಿವಾರ

ಇವತ್ತು ಜಾಗ ಗೊತ್ತು ಮಾಡಿದರು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ನಾಳೆ ನಾನೇ ತಿರುಚಿಕೊಳ್ಳಬಾರದು.

ಮಧ್ಯಾಹ್ನ ಮೂರರ ಹೊತ್ತಿಗೆ ಮಹಾಶಯ, ಪಂಚಾಯ್ತಿ ಛೇರ್ಮನ್ ತೀರ್ಥಪ್ಪ, ನಾನು ಊರು ಸುತ್ತಿದೆವು. ಕಂಬಳಿ ನೇಯುವವರ ಕೇರಿಯ ಹಿಂದೆ, ಅವರ ಮನೆಗಳ ಹಿಂಗೋಡೆಗೂ ನನ್ನ ಹಿತ್ತಲಿಗೂ ನಡುವೆ, ಪೂರ್ವ ಪಶ್ಚಿಮಕ್ಕೆ ಉದ್ದಕ್ಕೂ ಎಳೆದ ಗೆರೆಯಂತೆ ಒಂದು ಜಾಗವಿದೆ. ಅಲ್ಲಿ ಕಲ್ಲಿಲ್ಲ, ಮುಳ್ಳಿಲ್ಲ, ನೆಲ ಅಂಗೈಯಷ್ಟು ನುಣುಪು. ಮಹಾಶಯ ಅದನ್ನು ನೋಡಿ ಕುಣಿದಾಡಿಬಿಟ್ಟ. ಅದು ಅಷ್ಟು ನುಣುಪಾಗಿ ಯಾಕಿದೆ ಎಂಬ ಪ್ರಶ್ನೆ ಮಾತ್ರ ಅವನ ತಲೆಗೆ ಬರಲಿಲ್ಲ.

ಅದು ಹಾಸು ಎಳೆಯುವ ಜಾಗ. ನೂತ ಉಣ್ಣೆಯ ಎಳೆಗಳನ್ನು ಈ ಗೂಟದಿಂದ ಆ ಗೂಟಕ್ಕೆ ಬಿಗಿದು, ಹುಣಿಸೆಬೀಜದ ಗಂಜಿ ಬಳಿದು, ಬಿಸಿಲಿಗೆ ಒಣಗಿಸಿದ ಮೇಲೆಯೇ ಮಗ್ಗಕ್ಕೆ ಏರಿಸುವುದು. ಹಾಸು ಡೊಂಕಾಗಬಾರದು, ಮುಳ್ಳಿಗೆ ಸಿಗಬಾರದು, ಅಡ್ಡಗಾಳಿಗೆ ಸಿಕ್ಕಿ ತಿರುಚಿಕೊಳ್ಳಬಾರದು. ಕೇರಿಯ ಮುದಿ ನೇಕಾರ ಕರಿಸಿದ್ದಪ್ಪನ ತಾತನ ಕಾಲದಿಂದ ಅಲ್ಲಿನ ಹೆಂಗಸರು ಗುಡಿಸಿ ಗುಡಿಸಿ ಆ ನೆಲ ಹಾಗಾಗಿದೆ. ಈ ವಾರ ಕುರಿ ಉಣ್ಣೆ ಕತ್ತರಿಸುತ್ತಿದ್ದಾರೆ, ಅದಕ್ಕೇ ಜಾಗ ಬರಿದಾಗಿ ಕಂಡಿತು. ಬೇರೆ ದಿನಗಳಲ್ಲೂ ಹಾಸು ಇರುವುದು ಬೆಳಗಿನ ಹೊತ್ತು ಮಾತ್ರ.

"ಅದು ಖರಾಬು ಕಣ್ರೀ, ಯಾರ ಖಾತೆಗೂ ಸೇರಿಲ್ಲ. ಏನ್ ಬೇಕಾದ್ರೂ ಕಟ್ಕಳಿ" ಎಂದರು ತೀರ್ಥಪ್ಪ.

ಮಹಾಶಯನಿಗೆ ಜನಾಭಿಪ್ರಾಯವೂ ಬೇಕಿತ್ತು. ಉಣ್ಣೆ ಹೊರೆ ಹೊತ್ತು ಬರುತ್ತಿದ್ದ ಕರಿಸಿದ್ದಪ್ಪನನ್ನು ನಿಲ್ಲಿಸಿ, "ಯಜಮಾನರೇ, ಈ ಜಾಗ ಯಾರದು?" ಎಂದು ಕೇಳಿದ.

ಮುದುಕ ಹೊರೆ ಇಳಿಸಿ, "ಯಾರ್ದೂ ಅಲ್ಲ ಸ್ವಾಮಿ, ಊರಿಂದು" ಎಂದ. ಹೇಳಿ ನನ್ನ ಮುಖ ನೋಡಿದ.

ನಾನು ಕೈಗಡಿಯಾರ ನೋಡಿಕೊಂಡೆ.

ನಾನು ಹೇಳಬಹುದಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಮಹಾಶಯ ಪಾಯ ತೋಡಲಿ, ಉಣ್ಣೆ ಕತ್ತರಿಸಿ ಮುಗಿದ ಮಾರನೇ ದಿನ ಇಡೀ ಕೇರಿ ಗೂಟ ಹಿಡಿದು ಬಂದು ನಿಲ್ಲಲಿ, ಜನರೊಡನೆ ಬೆರೆಯುವುದು ಎಂದರೇನೆಂದು ಆಗ ಗೊತ್ತಾಗುತ್ತದೆ. ಇವತ್ತು ಊಟ ರುಚಿಯಾಗಿತ್ತು.

೧೧ ಫೆಬ್ರವರಿ, ಗುರುವಾರ

ಪಾಯ ತೋಡಿದರು. ನಟ್ಟ ನಡುವೆ. ಬರುವುದು ಮೂರಾಳೆತ್ತರದ ಕುರಿಗಾಹಿಯ ಪ್ರತಿಮೆಯಂತೆ, ಹೆಗಲ ಮೇಲೆ ಕಂಬಳಿಯಂತೆ. ಕಂಬಳಿ ಹುಟ್ಟುವ ಜಾಗವನ್ನು ಮುಚ್ಚಿ ಸಿಮೆಂಟಿನ ಕಂಬಳಿ.

ನನಗೆ ಈಗ ಸಿಟ್ಟು ಬಂದಿರುವುದು ಮಹಾಶಯನ ಮೇಲಲ್ಲ, ಆ ಕೇರಿಯ ಮೇಲೆ. ಗೂಟ ಹಿಡಿದು ಬರುತ್ತಾರೆಂದು ಕಾದಿದ್ದರೆ, ಮಂಕರಿ ಹಿಡಿದು ಮರಳು ಹೊರುವುದಕ್ಕೆ ಬಂದರು. ಕರಿಸಿದ್ದಪ್ಪನ ಸೊಸೆ ಹುಲಿಗೆಮ್ಮ ಎಲ್ಲರಿಗಿಂತ ಮುಂದೆ. ಬಾಯಿಗೆ ಬೀಗ ಹಾಕಿಕೊಂಡಿದ್ದಾರೆಯೇ ಇವರು?

೧೯ ಫೆಬ್ರವರಿ

ಕಬ್ಬಿಣದ ಸರಳು ಕಟ್ಟಿ ಆಯಿತು. ಕಾಲು ಎರಕ ಹೊಯ್ದೂ ಆಯಿತು. ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ.

೨೭ ಫೆಬ್ರವರಿ, ಶನಿವಾರ

ಬೆಳಿಗ್ಗೆ ಕೆರೆ ಕಡೆ ಹೋಗಿದ್ದೆ. ಒಣಗಿದ ಕೆರೆಯಂಗಳದಲ್ಲಿ ಕರಿಸಿದ್ದಪ್ಪ, ಹುಲಿಗೆಮ್ಮ ಹಾಸು ಎಳೆಯುತ್ತಿದ್ದರು. ನೆಲ ಏರುತಗ್ಗು, ಸುತ್ತ ಬರೀ ಜಾಲಿ. ಗಂಜಿ ಬಳಿದು ಮುಗಿಸುವಷ್ಟರಲ್ಲಿ ಅಡ್ಡಗಾಳಿ ಎದ್ದು ಇಡೀ ಹಾಸು ಮಗುಚಿಕೊಂಡು ಮುಳ್ಳಿಗೆ ಸಿಕ್ಕಿತು. ಮುದುಕ ಒಂದೊಂದೇ ಎಳೆ ಬಿಡಿಸುತ್ತ ಕೂತ. ಬಿಡಿಸಿದ್ದಕ್ಕಿಂತ ಹರಿದದ್ದೇ ಹೆಚ್ಚು. ಒಂದು ತಿಂಗಳು ನೂತ ನೂಲು.

ಕೈಕಟ್ಟಿ ನಿಲ್ಲಲಾರದೆ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವನು ಎಳೆ ಬಿಡಿಸುವ ಕೈ ಗೀಚಿಕೊಂಡೆ. ಬೆರಳುಗಳು ಸರಿಯಾಗಿ ಬರಲಿಲ್ಲ.

ಕಾರಹುಣ್ಣಿಮೆಯ ಹೊತ್ತಿಗೆ ಕಂಬಳಿ ತಯಾರಾಗದಿದ್ದರೆ ಇವರ ವರ್ಷ ಮುಗಿದ ಹಾಗೆ. ತರೀಕೆರೆ ಸಂತೆಗೆ ಲಿಂಗದಹಳ್ಳಿ ಕಡೆಯ ಗದ್ದೆಯವರು ಬರುವುದು ಮಳೆಗೆ ಮುಂಚೆ. ಮಳೆ ಹಿಡಿದ ಮೇಲೆ ಯಾರು ಕೊಳ್ಳುತ್ತಾರೆ? ಎಲ್ಲ ಆ ಗಡ್ಡದವನಿಂದ. ಊರಿಗೆ ಬಂದ ಮೇಲೆ ಊರನ್ನು ವಿಚಾರಿಸಬೇಡವೇ?

೧೦ ಮಾರ್ಚ್, ಬುಧವಾರ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ.

ಎರಕ ಹೊಯ್ದ ಸಿಮೆಂಟಿಗೆ ದಿನಾ ನೀರು ಹಾಕಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ಆ ಕೆಲಸ ಹುಲಿಗೆಮ್ಮನದು. ಬೆಳಿಗ್ಗೆ ಬೆಳಿಗ್ಗೆಯೇ, ಅವಳು ಹಾಸಿನ ಎಳೆಗಳಿಗೆ ಗಂಜಿ ಬಳಿಯಬೇಕಾದ ಹೊತ್ತಿನಲ್ಲಿ, ಅದೇ ಜಾಗದಲ್ಲಿ, ಕುರಿಗಾಹಿಯ ಕಾಲಿಗೆ ಕೊಡದಲ್ಲಿ ನೀರು ಸುರಿಯುತ್ತಿದ್ದಳು. ನನಗೆ ನೆತ್ತಿಗೇರಿತು.

"ಏನವ್ವ ಹುಲಿಗೆಮ್ಮ, ನಿಮ್ಮ ಅನ್ನಕ್ಕೆ ಕಲ್ಲು ಬಿದ್ದೈತೆ, ಆ ಕಲ್ಲಿಗೇ ನೀರು ಹುಯ್ತಿದೀಯಲ್ಲ. ಆ ದಿನವೇ ಬ್ಯಾಡ ಅನ್ನಾಕೆ ಏನಾಗಿತ್ತು ನಿಮಗೆ?"

ಅವಳು ಕೊಡ ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಗಣಪತಿ ಥರಾ ಅಂದ್ಕಂಡಿದ್ವಿ ಮೇಷ್ಟ್ರೇ. ಮಾಡ್ತಾರೆ, ಮಂತ್ರಿ ಬತ್ತಾನೆ, ಪೂಜೆ ಮಾಡ್ತಾರೆ, ಆಮ್ಯಾಕೆ ನೀರಿಗೆ ಬಿಟ್ಬಿಡ್ತಾರೆ ಅಂತ. ಮಾಡಿದ್ ಬೊಂಬೇನ ಯಾರಾದ್ರೂ ಅಂಗೇ ಇಟ್ಕಂತಾರಾ? ಕಬ್ಬಿಣ ಕಟ್ಟಿದ್ ಮ್ಯಾಲೆ ಗೊತ್ತಾತು, ಇದು ಹೋಗಾದಲ್ಲ ಅಂತ."

"ಅನುಮಾನ ಬಂದಾಗಲಾದರೂ ಕೇಳಬಹುದಿತ್ತಲ್ಲ."

"ಕೇಳಾನ ಅಂದೆ. ನಮ್ ಮಾವನೇ ಬ್ಯಾಡ ಅಂದ. ಮೇಷ್ಟ್ರು ಪಕ್ಕದಾಗೇ ನಿಂತಿದ್ರು, ಅವ್ರ ಹಿತ್ತಲು ಅಲ್ಲೇ ಐತೆ, ನಮ್ ಹಾಸು ದಿನಾ ನೋಡ್ತಾರೆ, ತೊಂದ್ರೆ ಆಗಂಗಿದ್ರೆ ಅವ್ರೇ ಹೇಳಿರೋರು. ಓದ್ದೋರು ಸುಮ್ನಿದಾರೆ ಅಂದ್ರೆ ಏನೋ ಇರ್ತದೆ ಅಂದ."

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಮತ್ತೆ ಕೊಡ ಎತ್ತಿಕೊಂಡಳು.

೧೧ ಮಾರ್ಚ್

ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ಗುರುಶಾಂತಮ್ಮನ ಮೇಲೆ ರೇಗಿದೆ. ಉಪ್ಪು ಸರಿಯಾಗೇ ಇತ್ತು.

೧೬ ಮಾರ್ಚ್, ಮಂಗಳವಾರ

ಜಯದೇವನಿಗೆ ಹೇಳಿದೆ.

ಅವನು ಏಣಿಯ ಮೇಲಿದ್ದ, ಕಂಬಳಿಯ ಮಡಿಕೆ ತಿದ್ದುತ್ತಿದ್ದ. ಕೆಳಗಿಳಿದು ಬಂದು ಕೇಳಿಸಿಕೊಂಡ. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದ.

"ನಿಮಗೆ ಅವತ್ತೇ ಗೊತ್ತಿತ್ತಾ ಸಾರ್?"

"ನೀವು ನನ್ನನ್ನ ಕೇಳಲಿಲ್ಲ."

"ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ."

"ನಿಂತಿದ್ದೆ. ಏಣಿ ಒದಗಿಸುವುದಕ್ಕೆ ನೇಮಕವಾದವನು ನಾನು, ಬುದ್ಧಿ ಹೇಳುವುದಕ್ಕಲ್ಲ" ಎಂದುಬಿಟ್ಟೆ. ಧ್ವನಿ ಏರಿತ್ತು. ಅವನೂ ಏರಿಸಿದ. ಹೊಟ್ಟೆಕಿಚ್ಚಿನ ಮನುಷ್ಯ ಎಂದ. ಹೌದು, ನನ್ನ ಹೊಟ್ಟೆಕಿಚ್ಚು ನನ್ನದು, ಆದರೆ ಕಣ್ಣು ನಿನ್ನದಾಗಿತ್ತಲ್ಲಯ್ಯ, ನುಣುಪು ನೆಲ ಕಂಡವನಿಗೆ ಗುಡಿಸಿದ ಕೈ ಕಾಣಲಿಲ್ಲವೇ ಎಂದೆ. ಇಬ್ಬರೂ ಕೂಗಾಡಿ ಸುಸ್ತಾಗಿ ಆ ಕುರಿಗಾಹಿಯ ಪೀಠದ ಮೇಲೇ ಕೂತೆವು.

"ಒಡೆದುಬಿಡ್ತೀನಿ" ಎಂದ ಕೊನೆಗೆ. ನಾನು ಕತ್ತೆತ್ತಿ ನೋಡಿದೆ. ಹಾಳಾದ್ದು, ಆ ಕಂಬಳಿಯ ಮಡಿಕೆ ಚೆನ್ನಾಗಿ ಬಂದಿದೆ. ಭಾರವಾದ ಉಣ್ಣೆ ಹೇಗೆ ಜೋತುಬೀಳುತ್ತದೋ ಹಾಗೇ ಜೋತುಬಿದ್ದಿದೆ. ನನ್ನಿಂದ ಅದು ಆಗುತ್ತಿರಲಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ.

೧೮ ಮಾರ್ಚ್, ಗುರುವಾರ

ಇಬ್ಬರೂ ಛೇರ್ಮನ್ನರ ಮನೆಗೆ ಹೋದೆವು. ತೀರ್ಥಪ್ಪ ಕಾಫಿ ಕೊಟ್ಟರು, ಪೂರ್ತಿ ಕೇಳಿದರು.

"ಉಪಮಂತ್ರಿಗಳ ತಾರೀಖು ಸಿಕ್ಕೈತೆ. ಏಪ್ರಿಲ್ ಎಂಟು. ಈಗ ಒಡೀತೀನಿ ಅಂದ್ರೆ ನನ್ ಮುಖಕ್ಕೆ ಮಸಿ ಬಳೀತೀರಾ ನೀವು? ಕಂಬಳಿಯೋರಿಗೆ ಬೇಕಾದಷ್ಟು ಜಾಗ ಐತೆ, ಎಲ್ಲಾದ್ರೂ ಎಳ್ಕಂತಾರೆ."

"ಎಲ್ಲಿ?" ಎಂದೆ.

"ಮೇಷ್ಟ್ರೇ, ನಿಮಗೆ ಅಷ್ಟು ಮರುಕ ಇದ್ರೆ ಜಾಗ ಗೊತ್ತು ಮಾಡೋ ದಿನ ಎಲ್ಲೋಗಿತ್ತು ಅದು?"

ಎರಡು ದಿನದಲ್ಲಿ ಇಬ್ಬರು ಇದನ್ನೇ ಕೇಳಿದರು. ತೀರ್ಥಪ್ಪನವರಿಗೆ ನನ್ನ ಪಾಪ ಒಂದು ಅನುಕೂಲವಾಯಿತು, ಆ ಮಾತೆತ್ತಿದರೆ ಸಾಕು ನನ್ನ ಬಾಯಿ ಮುಚ್ಚುತ್ತದೆಂದು ತಿಳಿದುಕೊಂಡರು. ಜಯದೇವ ಪರಿಷತ್ತಿಗೆ ಕಾಗದ ಬರೆದ. ಉತ್ತರ ಬರುವುದಿಲ್ಲ, ಬಂದರೂ ಏನೆಂದು ನನಗೆ ಗೊತ್ತು.

೩೦ ಮಾರ್ಚ್

ಉತ್ತರ ಬಂತು. ಕಲಾಕೃತಿ ಈಗ ಪರಿಷತ್ತಿನ ಸ್ವತ್ತಂತೆ, ಕೈ ಹಚ್ಚಿದರೆ ಕಾನೂನು ಕ್ರಮವಂತೆ. ಊರಿಗೆ ಕೊಡುವ ಕಲೆ ಊರಿನ ಸ್ವತ್ತಲ್ಲ. ಥೂ.

ಹಾಜರಿ ಪುಸ್ತಕದ ಹಿಂದಿನ ಹಾಳೆಗಳು ಮುಗಿದವು. ಹೆಡ್‌ಮಾಸ್ಟರು ನೋಡಿ ಬೈದರು. ಹೊಸ ನೋಟ್‌ಬುಕ್ ತಂದೆ.

೮ ಏಪ್ರಿಲ್, ಗುರುವಾರ

ಅನಾವರಣ ಆಯಿತು. ಉಪಮಂತ್ರಿಗಳು ಎರಡು ಗಂಟೆ ತಡವಾಗಿ ಬಂದು, ಬರಡು ನೆಲದಲ್ಲಿ ಕಲೆ ಅರಳಿದೆ ಎಂದರು. ಬರಡು ನೆಲ. ಜನ ಚಪ್ಪಾಳೆ ತಟ್ಟಿದರು, ಕೇರಿಯವರೂ ತಟ್ಟಿದರು. ಜಯದೇವ ವೇದಿಕೆಗೆ ಹತ್ತಲಿಲ್ಲ, ಹುಷಾರಿಲ್ಲ ಎಂದು ಹೇಳಿಕಳಿಸಿದ. ವಂದನಾರ್ಪಣೆ ನನ್ನದು. ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ: ಈ ಜಾಗ ಖಾಲಿಯಿರಲಿಲ್ಲ, ಅದು ನನಗೆ ಗೊತ್ತಿತ್ತು. ಮೈಕಿನ ಮುಂದೆ ನಿಂತು, ಮಾನ್ಯ ಉಪಮಂತ್ರಿಗಳಿಗೆ, ಮಾನ್ಯ ಛೇರ್ಮನ್ನರಿಗೆ, ಶಾಮಿಯಾನದವರಿಗೆ ಎಂದು ಓದಿ ಇಳಿದುಬಂದೆ.

ನನ್ನಂಥ ಹೇಡಿಗೆ ದಿನಚರಿ ಬೇರೆ ಕೇಡು.

೯ ಏಪ್ರಿಲ್, ಶುಕ್ರವಾರ

ಬೆಳಿಗ್ಗೆ ಕರಿಸಿದ್ದಪ್ಪನ ಮನೆಗೆ ಹೋದೆ. ಮುದುಕ ಗುಣಿಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮಗ್ಗದ ಮೇಲೆ ನೂಲಿರಲಿಲ್ಲ. ಸುಮ್ಮನೆ ಕೂತಿದ್ದ, ಕೂತು ರೂಢಿ ಎಂದು.

"ಕರಿಸಿದ್ದಪ್ಪಣ್ಣ, ಆ ದಿನ ನನಗೆ ಗೊತ್ತಿದ್ದೂ ಸುಮ್ಮನಿದ್ದೆ. ಆ ಹುಡುಗನಿಗೆ ಅವಮಾನ ಆಗಲಿ ಅಂತ ಸುಮ್ಮನಿದ್ದೆ."

"ಗೊತ್ತು" ಎಂದ.

"ಯಾವಾಗ ಗೊತ್ತಾಯ್ತು?"

"ನೀವು ಗಡಿಯಾರ ನೋಡ್ಕಂಡ್ರಲ್ಲ, ಆಗ್ಲೇ ಏನೋ ಅನ್ನಿಸ್ತು. ಆದ್ರೂ ಮೇಷ್ಟ್ರು ಅಂಗೆ ಮಾಡಾಕಿಲ್ಲ ಅಂದ್ಕಂಡೆ. ಮಾಡಿದ್ರಿ."

ಬೈಯುತ್ತಾನೆಂದು ಕಾದೆ. ಬೈದಿದ್ದರೆ ನನಗೂ ಮರುಮಾತಾಡಲು ಸಿಗುತ್ತಿತ್ತು. ಹೋಗಲಿ ಬಿಡಿ ಎಂದಾದರೂ ಅನ್ನುತ್ತಾನೆಂದು ಕಾದೆ. ಅದನ್ನೂ ಅನ್ನಲಿಲ್ಲ.

"ಅದೆಲ್ಲ ಕಟ್ಕಂಡು ನಾನೇನ್ ಮಾಡ್ಲಿ ಮೇಷ್ಟ್ರೇ. ನೂಲು ಕೂತೈತೆ. ಕಾರಹುಣ್ಣಿಮೆಗೆ ಎರಡು ತಿಂಗ್ಳು ಐತೆ. ಹಾಸು ಎಲ್ಲಿ ಎಳೆಯಾನ, ಅದ್ ಹೇಳಿ."

ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಬಾಗಿಲು ದೂಡಿಕೊಂಡು ಹೊರಟುಬಂದೆ.

೧೦ ಏಪ್ರಿಲ್, ಶನಿವಾರ

ಜಯದೇವ ಹೊರಟ. ಹೊರಡುವ ಮುಂಚೆ, ಹಾಸು ಎಳೆಯಲು ಬೇರೆ ನೇರ ಜಾಗ ಸಿಗುತ್ತದೆಯೇ ಎಂದು ನನ್ನ ಜೊತೆ ಹಗ್ಗ ಹಿಡಿದ. ಕುರಿಗಾಹಿಯ ಪೀಠ ತಪ್ಪಿಸಿ ಹಗ್ಗ ಎಳೆಯಬೇಕೆಂದರೆ ಬಡಗಲಿಗೆ ಕೇರಿಯ ಗೋಡೆಗಳು, ಆಗದು. ತೆಂಕಲಿಗೆ ಸರಿದರೆ ನನ್ನ ಹಿತ್ತಲ ಬೇಲಿ. ಬೇಲಿ ಕಿತ್ತರೆ ಹಗ್ಗ ಕಲ್ಲಿಲ್ಲದ ನೆಲದ ಮೇಲೆ ನೇರವಾಗಿ ಹೋಗಿ, ನನ್ನ ಕೋಣೆಯ ಪೂರ್ವದ ಬಾಗಿಲಿಗೆ ತಾಗುತ್ತದೆ. ಎರಡು ಸಲ ಹಿಡಿದು ನೋಡಿದೆವು. ಎರಡು ಸಲವೂ ಅಲ್ಲಿಗೇ ತಾಗಿತು.

"ತೊಲೆಗಳು ಕೂತಿರೋದು ಉತ್ತರ, ದಕ್ಷಿಣದ ಗೋಡೆ ಮೇಲೆ. ಇನ್ನೆರಡು ಗೋಡೆ ತೆಗೆದ್ರೂ ಸೂರು ನಿಲ್ಲುತ್ತೆ ಸಾರ್" ಎಂದ. ನನ್ನ ಕೋಣೆಯ ವಿಚಾರ ನನಗೆ ಹೇಳಿಕೊಡುತ್ತಾನೆ.

ಟ್ರಂಕು ಕಟ್ಟುವಾಗ ಕಿಟಕಿಯ ಮೇಲಿದ್ದ ನನ್ನ ನೋಟ್‌ಬುಕ್ ತಿರುವಿ ನೋಡುತ್ತಿದ್ದ. ಬರೀ ಕೈಗಳು, ಗಂಜಿ ಬಳಿಯುವ ಕುಂಚ, ಹುಲಿಗೆಮ್ಮನ ಬೆನ್ನು. "ಇದನ್ನೆಲ್ಲ ಯಾರು ಬರೆದದ್ದು ಸಾರ್?" ಎಂದ. ಬಸ್ಸಿಗೆ ಹೊತ್ತಾಯಿತು ನಡೀರಿ ಎಂದು ನೋಟ್‌ಬುಕ್ ಕಿತ್ತುಕೊಂಡೆ. ಯಗಟಿಯವರೆಗೂ ಟ್ರಂಕು ಹೇರಿದ ಸೈಕಲ್ಲನ್ನು ಅವನೇ ತಳ್ಳಿದ.

೧೪ ಏಪ್ರಿಲ್

ಗುರುಶಾಂತಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಕೋಣೆ ಒಡೆದರೆ ಅವಳ ಈರುಳ್ಳಿ ಎಲ್ಲಿಡಬೇಕಂತೆ. ಸಿಟ್ಟಿಗೆ ಹಾರೆ ತೆಗೆದುಕೊಂಡು ಪಶ್ಚಿಮದ ಗೋಡೆಗೆ ನಾನೇ ಮೊದಲ ಏಟು ಹಾಕಿದೆ. ಮಣ್ಣಿನ ಇಟ್ಟಿಗೆ, ಆದರೆ ಕಟ್ಟಿಸುವಾಗ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಕಟ್ಟಿಸಿದ್ದೆ, ಅಷ್ಟು ಸುಲಭಕ್ಕೆ ಬೀಳಲಿಲ್ಲ. ಗೂಡಿನಲ್ಲಿ ಅರವತ್ತೆಂಟರ ಬಣ್ಣದ ಟ್ಯೂಬುಗಳು ಸಿಕ್ಕವು, ಕಲ್ಲಾಗಿ ಹೋಗಿವೆ. ಕಲ್ಲುಮಣ್ಣಿನ ಜೊತೆ ಅವೂ ಹೋದವು. ಮಧ್ಯಾಹ್ನ ನೋಡಿದರೆ ಗುರುಶಾಂತಮ್ಮ ಮಂಕರಿ ಹಿಡಿದು ಮಣ್ಣು ಹೊರುತ್ತಿದ್ದಾಳೆ. ಮಾತು ಮಾತ್ರ ಇಲ್ಲ.

ಅಂಗೈಯೆಲ್ಲ ಬೊಬ್ಬೆ. ಪೆನ್ನು ಹಿಡಿಯಲಾಗುತ್ತಿಲ್ಲ.

೨೧ ಏಪ್ರಿಲ್, ಬುಧವಾರ

ಇವತ್ತು ಹಾಸು ಎಳೆದರು. ಬೇಲಿಯಿದ್ದ ಜಾಗದಿಂದ ಬಂದು, ಬಾಗಿಲಿದ್ದ ಜಾಗದಿಂದ ಒಳಗೆ ಹೊಕ್ಕು, ಪಶ್ಚಿಮದ ಗೋಡೆ ಇದ್ದ ಕಡೆಯಿಂದ ಆಚೆ ಹೋಯಿತು. ಡೊಂಕಿರಲಿಲ್ಲ. ಕರಿಸಿದ್ದಪ್ಪ ಆ ಕಡೆಯ ಗೂಟ ಬಿಗಿದ, ಹುಲಿಗೆಮ್ಮ ಈ ಕಡೆಯಿಂದ ಗಂಜಿ ಬಳಿಯುತ್ತ ನನ್ನ ಕೋಣೆಯೊಳಗೆ ನಡೆದುಬಂದಳು. ಕಿಟಕಿಯ ಬೆಳಕಿಗೆ ಒದ್ದೆ ಎಳೆಗಳು ಒಂದೊಂದಾಗಿ ಕಾಣುತ್ತಿದ್ದವು. ನಾನು ಕಿಟಕಿಯ ಕೆಳಗೆ ಕೂತು ಚಿತ್ರ ಬರೆಯುತ್ತಿದ್ದೆ, ಇವತ್ತು ಬೆರಳುಗಳು ಬಂದವು.

ಯಾರಾದರೂ ಒಂದು ಒಳ್ಳೆಯ ಮಾತು ಆಡಬಹುದಿತ್ತು. ಹದಿನೆಂಟು ವರ್ಷದ ಕೋಣೆ. ಹುಲಿಗೆಮ್ಮ ಹಾಸನ್ನು ಆ ತುದಿಯಿಂದ ಈ ತುದಿಗೆ ಮುಟ್ಟಿ ನೋಡಿ, ನನ್ನ ಹತ್ತಿರ ಬಂದು ನಿಂತು, ಮೇಲೆ ನೋಡಿದಳು.

"ಮೇಷ್ಟ್ರೇ, ಹೊರಗ್ ಇರಾದು ಒಣಗೈತೆ. ಸೂರಿನ ಕೆಳಗೆ ಇರಾದು ಒಣಗಿಲ್ಲ. ನೆರಳು ಬೀಳ್ತದೆ ನೋಡಿ. ಸೂರೂ ತೆಗೆಸ್ಬಿಡಿ."

ಹೀಗೆ ಕೇಳುತ್ತಾರೆಯೇ ಯಾರಾದರೂ? ಕೈ ಕೊಟ್ಟರೆ ತೋಳು ಬೇಕು ಇವರಿಗೆ. ಕರಿಸಿದ್ದಪ್ಪನಾದರೂ ಅವಳಿಗೆ ಬೈಯುತ್ತಾನೆಂದು ನೋಡಿದರೆ, "ಊಂ, ತೆಗೀಬೇಕು" ಎಂದು ಅವನೂ ಸೂರನ್ನೇ ನೋಡುತ್ತ ನಿಂತ. ಸಂಜೆಯವರೆಗೂ ಸಿಟ್ಟು ಇಳಿಯಲಿಲ್ಲ, ಇನ್ನೂ ಇಳಿದಿಲ್ಲ.

ಹಂಚು ಇಳಿಸುವುದಕ್ಕೆ ನಾಳೆ ಶಾಲೆಗೆ ರಜೆ ಹಾಕಬೇಕು. ಏಣಿ ಇನ್ನೂ ಆ ಕುರಿಗಾಹಿಯ ಹತ್ತಿರವೇ ಬಿದ್ದಿದೆ, ಬೆಳಿಗ್ಗೆಯೇ ಹೋಗಿ ತರಬೇಕು.